ಜೆನೆರಿಕ್ ಮಾತ್ರೆ, ಬ್ರಾಂಡ್ ಮಾತ್ರೆ: ಮೆಡಿಕಲ್ ಶಾಪ್ ಕೌಂಟರ್‌ನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ತಾಲ್ಲೂಕು ಪಟ್ಟಣವೊಂದರಲ್ಲಿ ಔಷಧಿ ಅಂಗಡಿಯ ಕೌಂಟರ್ ಹಿಂದೆ ನಿಂತು ಇಪ್ಪತ್ತು ವರ್ಷ ದಾಟಿತು. ಜನ ನನ್ನ ಜೊತೆ ಅತಿ ಹೆಚ್ಚು ವಾದ ಮಾಡುವುದು ಈ ಜೆನೆರಿಕ್ ವಿಷಯಕ್ಕೇ. ಸಂಜೆ ಹೊತ್ತು ಹಿಂದೆ ನಾಲ್ಕು ಜನ ಚೀಟಿ ಹಿಡಿದು ನಿಂತಿರುವಾಗ ಪೂರ್ತಿ ಉತ್ತರ ಕೊಡಲು ಆಗುವುದಿಲ್ಲ. ಇಲ್ಲಿ ಆ ಅವಸರ ಇಲ್ಲ.

ಜೆನೆರಿಕ್ ಅಂದರೆ ಏನು?

ಪ್ರತಿ ಮಾತ್ರೆಯ ಒಳಗೆ ನಿಜವಾಗಿ ಕೆಲಸ ಮಾಡುವ ಔಷಧಿ ಒಂದಿರುತ್ತದೆ. ನಾವು ಅಂಗಡಿಯವರು ಅದನ್ನು ‘ಸಾಲ್ಟ್’ ಅಥವಾ ‘ಕಂಟೆಂಟ್’ ಅನ್ನುತ್ತೇವೆ. ಪ್ಯಾರಾಸಿಟಮಾಲ್, ಮೆಟ್‌ಫಾರ್ಮಿನ್, ಆಮ್ಲೋಡಿಪಿನ್ ಇವೆಲ್ಲ ಕಂಟೆಂಟ್ ಹೆಸರುಗಳು. ಅದರ ಮೇಲೆ ಕಂಪನಿ ಇಟ್ಟುಕೊಳ್ಳುವ ಹೆಸರು ಬ್ರಾಂಡ್.

ಹೊಸ ಔಷಧಿಯನ್ನು ಮೊದಲು ಕಂಡುಹಿಡಿದ ಕಂಪನಿಗೆ 20 ವರ್ಷದ ಪೇಟೆಂಟ್ ಇರುತ್ತದೆ. ಅಲ್ಲಿಯವರೆಗೆ ಬೇರೆಯವರು ಅದನ್ನು ಮಾಡುವಂತಿಲ್ಲ. ಪೇಟೆಂಟ್ ಮುಗಿದ ಮೇಲೆ ಅದೇ ಕಂಟೆಂಟ್, ಅಷ್ಟೇ ಮಿಲಿಗ್ರಾಂ, ಅದೇ ರೂಪದಲ್ಲಿ ಬೇರೆ ಕಂಪನಿಗಳು ಮಾಡುವುದೇ ಜೆನೆರಿಕ್.

ಹಾಗಾದರೆ ಡೋಲೋ 650 ಬ್ರಾಂಡ್ ತಾನೇ?

ಹೆಸರಿಗೆ ಬ್ರಾಂಡ್. ಆದರೆ ಅದೂ ಜೆನೆರಿಕ್ಕೇ!

ಡೋಲೋ ನಮ್ಮ ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ಕಂಪನಿಯದು. ಒಳಗಿರುವುದು 650 ಮಿಲಿಗ್ರಾಂ ಪ್ಯಾರಾಸಿಟಮಾಲ್. ಪ್ಯಾರಾಸಿಟಮಾಲನ್ನು 19ನೇ ಶತಮಾನದಲ್ಲೇ ತಯಾರಿಸಿದ್ದರು, 1950ರ ದಶಕದಿಂದ ಅಂಗಡಿಗಳಲ್ಲಿದೆ. ಅದರ ಮೇಲೆ ಇವತ್ತು ಯಾರ ಹಕ್ಕೂ ಇಲ್ಲ. ಯಾವ ಕಂಪನಿ ಬೇಕಾದರೂ ಲೈಸೆನ್ಸ್ ತೆಗೆದುಕೊಂಡು ತಯಾರಿಸಿ, ತನ್ನ ಹೆಸರು ಇಟ್ಟು ಮಾರಬಹುದು. ಇಂಥದ್ದಕ್ಕೆ ‘ಬ್ರಾಂಡೆಡ್ ಜೆನೆರಿಕ್’ ಅನ್ನುತ್ತಾರೆ.

ಇದೊಂದು ಮಾತು ಅರ್ಥವಾದರೆ ಉಳಿದ ಗೊಂದಲ ಅರ್ಧ ಕಡಿಮೆಯಾಗುತ್ತದೆ. ಅಮೆರಿಕದಲ್ಲಿ ಬ್ರಾಂಡ್ ಅಂದರೆ ಸಾಮಾನ್ಯವಾಗಿ ಆ ಔಷಧಿಯನ್ನು ಮೊದಲು ತಂದ ಕಂಪನಿಯ ಮಾಲು. ಕೊಲೆಸ್ಟ್ರಾಲ್‌ಗೆ ಕೊಡುವ ಅಟೋರ್ವಾಸ್ಟಾಟಿನ್‌ಗೆ ಫೈಜರ್‌ನ ‘ಲಿಪಿಟರ್’ ಇದ್ದಂತೆ. ನಮ್ಮಲ್ಲಿ ಹಾಗಲ್ಲ. ನನ್ನ ಅಂಗಡಿಯ ಕಪಾಟಿನಲ್ಲಿ ಅಟೋರ್ವಾಸ್ಟಾಟಿನ್‌ನ ಎಂಟೋ ಹತ್ತೋ ಹೆಸರುಗಳಿವೆ. ಒಂದೂ ಮೂಲ ಕಂಪನಿಯದಲ್ಲ. ಎಲ್ಲವೂ ಜೆನೆರಿಕ್, ಅಂಗಿ ಮಾತ್ರ ಬೇರೆ. ಹಾಗಾಗಿ ಭಾರತದಲ್ಲಿ ‘ಬ್ರಾಂಡ್ ಒಳ್ಳೆಯದಾ, ಜೆನೆರಿಕ್ ಒಳ್ಳೆಯದಾ’ ಅನ್ನುವ ಪ್ರಶ್ನೆಯೇ ಸ್ವಲ್ಪ ಅಡ್ಡದಾರಿಯದು. ಕೇಳಬೇಕಾದ್ದು ಕಂಟೆಂಟ್ ಏನು, ಎಷ್ಟು ಮಿಲಿಗ್ರಾಂ, ಯಾರು ತಯಾರಿಸಿದ್ದು ಅಂತ.

ಭಾರತದಲ್ಲಿ ಇಷ್ಟೊಂದು ಜೆನೆರಿಕ್ ಕಂಪನಿಗಳು ಎಲ್ಲಿಂದ ಬಂದವು?

1970ರ ಪೇಟೆಂಟ್ ಕಾಯ್ದೆಯಿಂದ. ಅದು ಔಷಧಿಯ ಮೇಲೆ ಪೇಟೆಂಟ್ ಕೊಡಲಿಲ್ಲ, ತಯಾರಿಸುವ ವಿಧಾನದ ಮೇಲೆ ಮಾತ್ರ ಕೊಟ್ಟಿತು. ನಮ್ಮ ಕೆಮಿಸ್ಟ್‌ಗಳು ಅದೇ ಔಷಧಿಯನ್ನು ಬೇರೆ ವಿಧಾನದಲ್ಲಿ ಮಾಡುವುದನ್ನು ಕಲಿತರು. ಹೀಗೆ ಮೂವತ್ತು ವರ್ಷಕ್ಕೂ ಮೇಲೆ ಪಳಗಿದರು. 2001ರಲ್ಲಿ ಸಿಪ್ಲಾ ಕಂಪನಿ ಎಚ್‌ಐವಿಯ ಮೂರು ಔಷಧಿಗಳ ಜೋಡಿಯನ್ನು ವರ್ಷಕ್ಕೆ 350 ಡಾಲರ್‌ಗೆ ಕೊಡುತ್ತೇನೆ ಅಂದಾಗ ಜಗತ್ತೇ ತಿರುಗಿ ನೋಡಿತು. ಆಗ ಪಶ್ಚಿಮದ ಕಂಪನಿಗಳ ಬೆಲೆ ವರ್ಷಕ್ಕೆ 10,000 ಡಾಲರ್ ದಾಟಿತ್ತು.

2005ರಿಂದ ಇಲ್ಲೂ ಔಷಧಿಯ ಮೇಲೆಯೇ ಪೇಟೆಂಟ್ ಬಂತು. ಆದರೆ ಹಳೇ ಔಷಧಿಗೆ ಸಣ್ಣಪುಟ್ಟ ಬದಲಾವಣೆ ಮಾಡಿ ಮತ್ತೆ 20 ವರ್ಷ ಕೇಳಿದರೆ ಕೊಡುವುದಿಲ್ಲ ಅನ್ನುವ ಕಲಮೂ ಜೊತೆಗೇ ಬಂತು. ಅದೇ ಕಲಂ 3(ಡಿ). ರಕ್ತದ ಕ್ಯಾನ್ಸರ್‌ನ ‘ಗ್ಲಿವೆಕ್’ ಔಷಧಿ ವಿಚಾರದಲ್ಲಿ ನೊವಾರ್ಟಿಸ್ ಕಂಪನಿ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟಿನಲ್ಲಿ ಸೋತದ್ದು ಈ ಕಲಮಿನಿಂದಲೇ. ಅದಕ್ಕೆ ಒಂದು ವರ್ಷ ಮೊದಲು, 2012ರಲ್ಲಿ, ಬೇಯರ್ ಕಂಪನಿಯ ಕ್ಯಾನ್ಸರ್ ಔಷಧಿಯನ್ನು ಪೇಟೆಂಟ್ ಇರುವಾಗಲೇ ತಯಾರಿಸಲು ಹೈದರಾಬಾದಿನ ನ್ಯಾಟ್ಕೋಗೆ ಸರ್ಕಾರ ಅನುಮತಿ ಕೊಟ್ಟಿತು. ತಿಂಗಳಿಗೆ ₹2.8 ಲಕ್ಷ ಇದ್ದದ್ದು ₹8,880ಕ್ಕೆ ಇಳಿಯಿತು. ಅಂಕಿಗಳನ್ನು ಇನ್ನೊಮ್ಮೆ ಓದಿ ನೋಡಿ. ನಾನು ತಪ್ಪಾಗಿ ಬರೆದಿಲ್ಲ.

ಅಷ್ಟು ಕಡಿಮೆಗೆ ಕೊಡಲು ಹೇಗೆ ಸಾಧ್ಯ? ಒಳಗೆ ಏನೋ ಕಡಿಮೆ ಹಾಕಿರಬೇಕು ಅಲ್ವಾ?

ಮಾತ್ರೆಯ ಬೆಲೆಯಲ್ಲಿ ಒಳಗಿನ ಔಷಧಿಯ ಖರ್ಚು ಬಹಳ ಸಲ ಸಣ್ಣ ಪಾಲು. ಹೊಸ ಔಷಧಿ ಕಂಡುಹಿಡಿಯಲು, ಸಾವಿರಾರು ರೋಗಿಗಳ ಮೇಲೆ ಪ್ರಯೋಗ ಮಾಡಲು ಮೂಲ ಕಂಪನಿಗೆ ದೊಡ್ಡ ಖರ್ಚು ಇರುತ್ತದೆ. ಜೆನೆರಿಕ್ ಕಂಪನಿ ಅದನ್ನೆಲ್ಲ ಮತ್ತೆ ಮಾಡಬೇಕಿಲ್ಲ. ಆಮೇಲೆ ಕಂಪನಿ ಪ್ರತಿನಿಧಿಗಳ, ಅಂದರೆ ರೆಪ್‌ಗಳ ಸಂಬಳ, ಡಾಕ್ಟರ ಬಳಿ ಪ್ರಚಾರ, ಹೊಳೆಯುವ ಪ್ಯಾಕಿಂಗ್, ಇವಕ್ಕೂ ದುಡ್ಡು ಬೇಕು. ಹೆಸರು ಬೆಳೆಸಲು ಹೋಗದ ಕಂಪನಿಗೆ ಆ ಖರ್ಚೂ ಇಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಸಕ್ಕರೆ ಕಾಯಿಲೆಯ ಸಿಟಾಗ್ಲಿಪ್ಟಿನ್ ಪೇಟೆಂಟ್ ನಮ್ಮಲ್ಲಿ 2022ರ ಜುಲೈನಲ್ಲಿ ಮುಗಿಯಿತು. ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಅಗ್ಗದ ಔಷಧಿ ಅಂಗಡಿಗಳಾದ ಜನೌಷಧಿ ಕೇಂದ್ರಗಳಲ್ಲಿ 50 ಮಿಲಿಗ್ರಾಂನ 10 ಮಾತ್ರೆ ₹60ಕ್ಕೆ ಬಂತು. ಎರಡೇ ತಿಂಗಳು! ಔಷಧಿ ಬದಲಾಗಲಿಲ್ಲ. ಮಾರುವ ಹಕ್ಕು ಒಬ್ಬರ ಕೈಯಿಂದ ಹಲವರ ಕೈಗೆ ಹೋಯಿತು, ಅಷ್ಟೇ.

ಕೆಲವು ಜೆನೆರಿಕ್ ಸ್ಟ್ರಿಪ್ ಮೇಲೂ ಎಂಆರ್‌ಪಿ ಜಾಸ್ತಿ ಇರುತ್ತದಲ್ಲ?

ಇದು ನಮ್ಮ ಅಂಗಡಿಯವರ ಗುಟ್ಟು. ಹೇಳಿದರೆ ನಮ್ಮವರೇ ನನ್ನ ಮೇಲೆ ಬೇಜಾರಾಗುತ್ತಾರೆ. ಇರಲಿ.

ಒಂದೇ ಕಂಪನಿ ಎರಡು ಬಗೆಯ ಮಾಲು ಮಾಡುತ್ತದೆ. ಒಂದನ್ನು ರೆಪ್‌ಗಳು ಡಾಕ್ಟರ ಹತ್ತಿರ ಹೋಗಿ ಬರೆಸುತ್ತಾರೆ. ಇನ್ನೊಂದನ್ನು ಡಾಕ್ಟರಿಗೆ ತೋರಿಸುವುದೇ ಇಲ್ಲ, ನೇರವಾಗಿ ಡಿಸ್ಟ್ರಿಬ್ಯೂಟರ್ ಮೂಲಕ ಅಂಗಡಿಗೆ ತಳ್ಳುತ್ತಾರೆ. ಇದಕ್ಕೆ ವ್ಯಾಪಾರದಲ್ಲಿ ‘ಟ್ರೇಡ್ ಜೆನೆರಿಕ್’ ಅನ್ನುವುದು. ಇದರಲ್ಲಿ ಎಂಆರ್‌ಪಿ ₹100 ಅಂತ ಅಚ್ಚಾಗಿರುವ ಸ್ಟ್ರಿಪ್ ಅಂಗಡಿಗೆ ₹25ಕ್ಕೋ ₹30ಕ್ಕೋ ಬಿದ್ದಿರಬಹುದು. ಅಂಗಡಿಯವನು ನಿಮಗೆ ₹80ಕ್ಕೆ ಕೊಟ್ಟು ‘20% ಡಿಸ್ಕೌಂಟ್ ಮಾಡಿದ್ದೇನೆ’ ಅಂದರೆ ನೀವು ಖುಷಿಯಾಗಿ ಹೋಗುತ್ತೀರಿ. ಅವನು ಇನ್ನೂ ಖುಷಿಯಾಗಿರುತ್ತಾನೆ.

ಸರ್ಕಾರ ಬೆಲೆ ಕಟ್ಟಿಹಾಕಿರುವ ಔಷಧಿಗಳೂ ಇವೆ. 2022ರ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿ 384 ಔಷಧಿಗಳಿವೆ. ಇಂಥವಕ್ಕೆ ಎನ್‌ಪಿಪಿಎ ಎಂಬ ಸಂಸ್ಥೆ ಗರಿಷ್ಠ ಬೆಲೆ ನಿಗದಿ ಮಾಡುತ್ತದೆ. ಆದರೆ ಲೆಕ್ಕ ಹಾಕುವ ರೀತಿ ನೋಡಿ. ಮಾರುಕಟ್ಟೆಯಲ್ಲಿ 1% ಪಾಲಿಗಿಂತ ಕಡಿಮೆ ಇಲ್ಲದ ಬ್ರಾಂಡ್‌ಗಳ ಬೆಲೆಯ ಸರಾಸರಿ ತೆಗೆದು, ಅದರ ಮೇಲೆ ಅಂಗಡಿಯವರ 16% ಸೇರಿಸುತ್ತಾರೆ. ತಯಾರಿಸಲು ಎಷ್ಟು ಖರ್ಚಾಗುತ್ತದೆ ಅನ್ನುವುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಹಾಗಾಗಿ ಗರಿಷ್ಠ ಬೆಲೆಗೂ ಜನೌಷಧಿ ಬೆಲೆಗೂ ಅಷ್ಟೊಂದು ಅಂತರ ಉಳಿಯುತ್ತದೆ. ಪಟ್ಟಿಯ ಹೊರಗಿನ ಔಷಧಿಗಳ ಎಂಆರ್‌ಪಿಯನ್ನು ಕಂಪನಿ ವರ್ಷಕ್ಕೆ 10%ವರೆಗೆ ಏರಿಸಬಹುದು. 2025ರ ಸೆಪ್ಟೆಂಬರ್ 22ರಿಂದ ಬಹುಪಾಲು ಔಷಧಿಗಳ ಜಿಎಸ್‌ಟಿ 12%ರಿಂದ 5%ಗೆ ಇಳಿದಿದೆ, ಅದಿಷ್ಟು ಉಳಿತಾಯ.

ಅಂಗಡಿಯಲ್ಲಿ ಡಿಸ್ಕೌಂಟ್ ಎಷ್ಟು ಅಂತ ಕೇಳಬೇಡಿ. ಮಾತ್ರೆ ಒಂದಕ್ಕೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿ.

ಜೆನೆರಿಕ್‌ಗೆ ‘ಪವರ್’ ಕಡಿಮೆ ಅಂತಾರೆ. ನಿಜವಾ?

650 ಅಂತ ಬರೆದಿದ್ದರೆ 650 ಇರಲೇಬೇಕು. ಇಂಡಿಯನ್ ಫಾರ್ಮಾಕೋಪಿಯಾ ಎಂಬ ನಿಯಮದ ಪುಸ್ತಕವಿದೆ. ಅದರ ಪ್ರಕಾರ ಪ್ಯಾರಾಸಿಟಮಾಲ್ ಮಾತ್ರೆಯಲ್ಲಿ ಬರೆದ ಪ್ರಮಾಣದ 95%ರಿಂದ 105% ಒಳಗೆ ಔಷಧಿ ಇರಬೇಕು. ದುಬಾರಿ ಬ್ರಾಂಡಿಗೊಂದು, ಅಗ್ಗದ ಮಾತ್ರೆಗೊಂದು ಅಂತ ಬೇರೆ ಬೇರೆ ನಿಯಮ ಇಲ್ಲ.

ಆದರೆ ಮಾತ್ರೆಯಲ್ಲಿ ಔಷಧಿ ಇದ್ದರೆ ಸಾಲದು, ಅದು ಕರಗಿ ರಕ್ತಕ್ಕೆ ಸೇರಬೇಕು. ಅದನ್ನು ನೋಡುವ ಪರೀಕ್ಷೆಗೆ ಬಯೋಈಕ್ವಿವಲೆನ್ಸ್ ಅನ್ನುತ್ತಾರೆ. ಆರೋಗ್ಯವಂತ ಜನರಿಗೆ ಒಂದು ಸಲ ಮೂಲ ಔಷಧಿ, ಕೆಲವು ದಿನ ಬಿಟ್ಟು ಜೆನೆರಿಕ್ ಕೊಡುತ್ತಾರೆ. ಆಗಾಗ ರಕ್ತ ತೆಗೆದು, ಔಷಧಿ ಎಷ್ಟು ಸೇರಿತು, ಅತಿ ಹೆಚ್ಚು ಮಟ್ಟ ಎಷ್ಟಕ್ಕೆ ಏರಿತು ಅಂತ ಅಳೆಯುತ್ತಾರೆ. ಎರಡರ ಅನುಪಾತ 80%ರಿಂದ 125% ಗಡಿಯೊಳಗೆ ಬರಬೇಕು.

ಈ 80 ಮತ್ತು 125 ವಾಟ್ಸ್‌ಆ್ಯಪ್‌ನಲ್ಲಿ ಬಹಳ ಓಡಾಡುತ್ತದೆ. ‘ನೋಡಿ, ಜೆನೆರಿಕ್‌ನಲ್ಲಿ 20% ಔಷಧಿ ಕಡಿಮೆ ಇದ್ದರೂ ಪಾಸ್’ ಅಂತ. ಅದು ತಪ್ಪು. ಅದು ಮಾತ್ರೆಯೊಳಗಿನ ಪ್ರಮಾಣವಲ್ಲ. ಒಬ್ಬೊಬ್ಬರ ಮೈ ಒಂದೊಂದು ಥರ ಇರುವುದರಿಂದ ಅಳತೆಯಲ್ಲಿ ಏರಿಳಿತ ಇದ್ದೇ ಇರುತ್ತದೆ. ಆ ಏರಿಳಿತ ಪೂರ್ತಿಯಾಗಿ, ಅಂದರೆ ಲೆಕ್ಕಶಾಸ್ತ್ರದವರು ಹೇಳುವ 90% ವಿಶ್ವಾಸದ ಅಂತರ, ಈ ಎರಡು ಗೆರೆಗಳ ನಡುವೆ ಹಿಡಿಯಬೇಕು. ಸರಾಸರಿಯಲ್ಲೇ 20% ಕಡಿಮೆ ಇರುವ ಮಾತ್ರೆ ಈ ಪರೀಕ್ಷೆ ದಾಟಲಾರದು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ತನ್ನ ಬಳಿ ಬಂದ 2,070 ಇಂಥ ಅಧ್ಯಯನಗಳನ್ನು ಕೂಡಿಸಿ ನೋಡಿ 2009ರಲ್ಲಿ ಪ್ರಕಟಿಸಿತು. ರಕ್ತಕ್ಕೆ ಸೇರಿದ ಔಷಧಿಯಲ್ಲಿ ಸರಾಸರಿ ವ್ಯತ್ಯಾಸ ಸುಮಾರು 3.5% ಮಾತ್ರ.

ಈಗ ನಮ್ಮ ದೇಶದ ಹುಳುಕನ್ನೂ ಹೇಳಬೇಕು. ಇಲ್ಲಿ ಬಹಳ ಕಾಲ ಒಂದು ಕಿಂಡಿ ಇತ್ತು. ಹೊಸ ಔಷಧಿಗೆ ಅನುಮತಿ ಸಿಕ್ಕಿ ನಾಲ್ಕು ವರ್ಷ ಕಳೆದರೆ, ಆಮೇಲೆ ಬರುವ ಕಂಪನಿಗಳು ಈ ಪರೀಕ್ಷೆ ಇಲ್ಲದೆಯೇ ರಾಜ್ಯಗಳಿಂದ ಲೈಸೆನ್ಸ್ ತರಬಹುದಿತ್ತು. 2017ರ ಏಪ್ರಿಲ್‌ನಲ್ಲಿ ಅದನ್ನು ಬದಲಿಸಿ, ನೀರಿನಲ್ಲಿ ಸುಲಭವಾಗಿ ಕರಗದ ಗುಂಪಿನ ಔಷಧಿಗಳಿಗೆ ಪರೀಕ್ಷೆ ಕಡ್ಡಾಯ ಮಾಡಿದರು. ಅದಕ್ಕಿಂತ ಹಿಂದೆ ಲೈಸೆನ್ಸ್ ಪಡೆದವು ಇನ್ನೂ ಮಾರುಕಟ್ಟೆಯಲ್ಲಿವೆ. ಅವುಗಳಲ್ಲಿ ಅಗ್ಗದವೂ ಇವೆ, ದೊಡ್ಡ ಹೆಸರಿನವೂ ಇವೆ. ಅದನ್ನು ಮರೆಯಬೇಡಿ.

ಬಣ್ಣ, ಆಕಾರ ಯಾಕೆ ಬೇರೆ? ಹೊಸ ಮಾತ್ರೆ ನನಗೆ ಒಗ್ಗುತ್ತಿಲ್ಲ.

ಬಣ್ಣ, ಪಿಷ್ಟ, ಲ್ಯಾಕ್ಟೋಸ್, ಅಂಟು, ಮೇಲಿನ ಲೇಪ ಇವೆಲ್ಲ ಕಂಪನಿಯಿಂದ ಕಂಪನಿಗೆ ಬೇರೆ. ಇವು ಔಷಧಿಯಲ್ಲ, ಮಾತ್ರೆಗೆ ರೂಪ ಕೊಡಲು ಹಾಕುವಂಥವು. ಹಾಲಿನ ಸಕ್ಕರೆ ಅರಗದವರಿಗೆ, ಕೆಲವು ಬಣ್ಣಗಳ ಅಲರ್ಜಿ ಇರುವವರಿಗೆ ಅಪರೂಪಕ್ಕೆ ತೊಂದರೆ ಆಗಬಹುದು. ಆಗ ಕಂಪನಿ ಬದಲಿಸಿದರೆ ಸರಿಹೋಗುತ್ತದೆ.

ನ್ಯೂಜಿಲೆಂಡ್‌ನಲ್ಲಿ ನಡೆದದ್ದು ಕೇಳಿ. 2007ರಲ್ಲಿ ಅಲ್ಲಿ ಥೈರಾಯ್ಡ್‌ನ ಎಲ್ಟ್ರಾಕ್ಸಿನ್ ಮಾತ್ರೆಯ ತಯಾರಿಕೆ ಕೆನಡಾದಿಂದ ಜರ್ಮನಿಗೆ ಹೋಯಿತು. ಕಂಪನಿ ಅದೇ, ಹೆಸರು ಅದೇ, ಔಷಧಿಯೂ ಅಷ್ಟೇ. ಹಳದಿ ಮಾತ್ರೆ ಬಿಳಿಯಾಯಿತು, ಒಳಗಿನ ಪೂರಕ ವಸ್ತುಗಳು ಬದಲಾದವು. ಹಿಂದಿನ 30 ವರ್ಷಗಳಲ್ಲಿ ಆ ಮಾತ್ರೆಯ ಅಡ್ಡಪರಿಣಾಮದ ದೂರು ಬಂದಿದ್ದು 14. ಬದಲಾದ ಮೇಲೆ 18 ತಿಂಗಳಲ್ಲಿ 1,400ಕ್ಕೂ ಹೆಚ್ಚು! ಟೀವಿ, ಪತ್ರಿಕೆಗಳಲ್ಲಿ ಸುದ್ದಿ ಜೋರಾದ ಪ್ರದೇಶಗಳಲ್ಲಿ ದೂರೂ ಜಾಸ್ತಿಯಾಯಿತು. ಜನ ಸುಳ್ಳು ಹೇಳಿದರು ಅಂತ ಅಲ್ಲ. ಅನುಮಾನ ಇಟ್ಟುಕೊಂಡು ನುಂಗಿದ ಮಾತ್ರೆ ನಿಜಕ್ಕೂ ತಲೆನೋವು ತರಿಸುತ್ತದೆ.

ಹಾಗಂತ ಎಲ್ಲಾ ದೂರನ್ನೂ ‘ನಿಮ್ಮ ಮನಸ್ಸಿನ ಭ್ರಮೆ’ ಅಂತ ತಳ್ಳಿಹಾಕುವುದೂ ತಪ್ಪು. ಅಮೆರಿಕದಲ್ಲಿ ಖಿನ್ನತೆಗೆ ಕೊಡುವ ಬ್ಯುಪ್ರೊಪಿಯಾನ್‌ನ 300 ಮಿಲಿಗ್ರಾಂ ಜೆನೆರಿಕ್ ಒಂದರ ಬಗ್ಗೆ ರೋಗಿಗಳು ವರ್ಷಗಟ್ಟಲೆ ದೂರಿದರು. ಕೊನೆಗೆ ಎಫ್‌ಡಿಎ ತಾನೇ ಪರೀಕ್ಷೆ ಮಾಡಿಸಿತು. ರೋಗಿಗಳು ಹೇಳಿದ್ದೇ ಸರಿ ಅಂತ ಗೊತ್ತಾಗಿ 2012ರಲ್ಲಿ ಆ ಮಾತ್ರೆ ಹೊರಹೋಯಿತು. ಹಾಗಾಗಿ ಒಗ್ಗದಿದ್ದರೆ ಸುಮ್ನೆ ಇರಬೇಡಿ. ಬಿಪಿ ಅಳೆಸಿ, ಸಕ್ಕರೆ ನೋಡಿಸಿ, ಅಂಕಿ ಇಟ್ಟುಕೊಂಡು ಡಾಕ್ಟರ ಹತ್ತಿರ ಹೋಗಿ.

ಅಗ್ಗದ ಔಷಧಿ ಡೂಪ್ಲಿಕೇಟ್ ಅಲ್ವಾ?

ಜೆನೆರಿಕ್ ಬೇರೆ, ಡೂಪ್ಲಿಕೇಟ್ ಬೇರೆ. ಡೂಪ್ಲಿಕೇಟ್ ಅಂದರೆ ಇನ್ನೊಬ್ಬರ ಹೆಸರು ಕದ್ದು ಮಾಡಿದ ಕಳ್ಳ ಮಾಲು. ಕಳ್ಳರು ನಕಲು ಮಾಡುವುದು ಚೆನ್ನಾಗಿ ಓಡುವ ದುಬಾರಿ ಬ್ರಾಂಡನ್ನು. ₹10ರ ಜನೌಷಧಿ ಸ್ಟ್ರಿಪ್ ನಕಲು ಮಾಡಿ ಯಾರಿಗೆ ಏನು ಸಿಗುತ್ತದೆ?

ಮೂರನೆಯದು ಕಳಪೆ ಮಾಲು. ಲೈಸೆನ್ಸ್ ಇರುವ ಕಂಪನಿಯೇ ಮಾಡಿದ್ದು, ಆದರೆ ಪರೀಕ್ಷೆಯಲ್ಲಿ ಫೇಲ್. 2014–16ರಲ್ಲಿ ಕೇಂದ್ರ ಸರ್ಕಾರ ದೇಶಾದ್ಯಂತ ಸುಮಾರು 47,000 ಮಾದರಿ ಪರೀಕ್ಷೆ ಮಾಡಿಸಿತು. 3.16% ಕಳಪೆ, 0.0245% ನಕಲಿ. ನೂರಕ್ಕೆ ಮೂರು ಅಂದರೆ ಸಣ್ಣದು ಅನಿಸಬಹುದು. ಆ ಮೂರರಲ್ಲಿ ನಿಮ್ಮ ಮಾತ್ರೆ ಇದ್ದರೆ ಸಣ್ಣದಲ್ಲ.

ಈ ವಿಷಯದಲ್ಲಿ ನನಗೂ ಸಿಟ್ಟಿದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಡ್ರಿಪ್ ಹಾಕುವ ರಿಂಗರ್ ಲ್ಯಾಕ್ಟೇಟ್ ಬಾಟಲಿಗಳ ಮೇಲೆ ಅನುಮಾನ ಬಂತು, ರಾಜ್ಯ ಸರ್ಕಾರ ಅವುಗಳ ಬಳಕೆ ನಿಲ್ಲಿಸಿತು. 2022ರಲ್ಲಿ ಗ್ಯಾಂಬಿಯಾದಲ್ಲಿ, 2025ರಲ್ಲಿ ಮಧ್ಯಪ್ರದೇಶದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಸತ್ತರು. ಒಂದನ್ನು ಗಮನಿಸಿ. ಮಧ್ಯಪ್ರದೇಶದ ಆ ಸಿರಪ್‌ಗೆ ಬ್ರಾಂಡ್ ಹೆಸರೇ ಇತ್ತು. ಹೆಸರು ಇದ್ದ ಮಾತ್ರಕ್ಕೆ ವಿಷ ಬೆರೆಯುವುದು ತಪ್ಪಲಿಲ್ಲ. ದೊಡ್ಡ ಕಂಪನಿ ಅನ್ನುವುದೂ ಪೂರ್ತಿ ಭರವಸೆಯಲ್ಲ. 2013ರಲ್ಲಿ ರ‍್ಯಾನ್‌ಬ್ಯಾಕ್ಸಿ ಕಳಪೆ ಮಾಲಿನ ವಿಚಾರದಲ್ಲಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ಕಟ್ಟಿತು. ಆಗ ಅದು ನಮ್ಮ ದೇಶದ ಅತಿ ದೊಡ್ಡ ಔಷಧಿ ಕಂಪನಿಗಳಲ್ಲಿ ಒಂದು.

ರೋಗ ಇರುವುದು ತಪಾಸಣೆಯಲ್ಲಿ. ಕಾರ್ಖಾನೆಗಳ ಶುಚಿತ್ವ, ದಾಖಲೆಗಳ ನಿಯಮವಾದ ‘ಶೆಡ್ಯೂಲ್ ಎಂ’ ಅನ್ನು 2023ರ ಕೊನೆಯಲ್ಲಿ ಬಿಗಿ ಮಾಡಿದ್ದಾರೆ. ಕೇಂದ್ರದ ಔಷಧಿ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ ಪ್ರತಿ ತಿಂಗಳು ಫೇಲಾದ ಬ್ಯಾಚ್‌ಗಳ ಪಟ್ಟಿ ಹಾಕುತ್ತದೆ. ನಾನು ನೋಡುತ್ತಿರುತ್ತೇನೆ. ಅದರಲ್ಲಿ ಅಗ್ಗದವೂ ಇರುತ್ತವೆ, ದೊಡ್ಡವರೂ ಇರುತ್ತಾರೆ.

ಸ್ಟ್ರಿಪ್ ಮೇಲೆ ಏನು ನೋಡಬೇಕು?

ಮುಂದೆ ದೊಡ್ಡದಾಗಿ ಇರುವ ಹೆಸರನ್ನಲ್ಲ, ಹಿಂದಿನ ಸಣ್ಣ ಅಕ್ಷರ ನೋಡಿ. ಕಂಟೆಂಟ್, ಮಿಲಿಗ್ರಾಂ, ಬ್ಯಾಚ್ ನಂಬರ್, ಎಕ್ಸ್‌ಪೈರಿ. ಆಮೇಲೆ ‘ತಯಾರಿಸಿದವರು’ ಮತ್ತು ‘ಮಾರುವವರು’ ಅಂತ ಎರಡು ಹೆಸರು ಇವೆಯಾ ನೋಡಿ. ಬಹಳಷ್ಟು ಹೆಸರಾಂತ ಕಂಪನಿಗಳು ತಮ್ಮ ಮಾತ್ರೆಯನ್ನು ಹಿಮಾಚಲದ ಬದ್ದಿಯಂಥ ಊರುಗಳಲ್ಲಿ ಬೇರೆಯವರ ಕಾರ್ಖಾನೆಯಲ್ಲಿ ಮಾಡಿಸುತ್ತವೆ. ಅದೇ ಕಾರ್ಖಾನೆ ಪಕ್ಕದ ಲೈನಿನಲ್ಲಿ ಅಗ್ಗದ ಕಂಪನಿಗೂ ಅದೇ ಕಂಟೆಂಟ್ ಮಾಡಿಕೊಡುತ್ತಿರಬಹುದು. ಒಮ್ಮೆ ಗಿರಾಕಿಯೊಬ್ಬರು ₹90 ಹಾಗೂ ₹22ರ ಎರಡು ಸ್ಟ್ರಿಪ್ ಹಿಡಿದು ‘ಯಾವುದು ಒಳ್ಳೆಯದು ಸರ್’ ಅಂದರು. ಹಿಂದೆ ತಿರುಗಿಸಿ ತೋರಿಸಿದೆ. ಕಾರ್ಖಾನೆಯ ವಿಳಾಸ ಒಂದೇ.

ಹೆಚ್ಚು ಮಾರಾಟವಾಗುವ 300 ಬ್ರಾಂಡ್‌ಗಳ ಪ್ಯಾಕ್ ಮೇಲೆ 2023ರ ಆಗಸ್ಟ್‌ನಿಂದ ಕ್ಯೂಆರ್ ಕೋಡ್ ಕಡ್ಡಾಯ. ಸ್ಕ್ಯಾನ್ ಮಾಡಿದರೆ ವಿವರ ಬರುತ್ತದೆ.

ಜನೌಷಧಿ ಕೇಂದ್ರದ ಔಷಧಿ ನಂಬಬಹುದಾ?

ನನ್ನ ಅಂಗಡಿಗೆ ಅದು ಪೈಪೋಟಿ. ಆದರೂ ನನ್ನ ಅಮ್ಮನ ಬಿಪಿ ಮಾತ್ರೆ ಬರುವುದು ಅಲ್ಲಿಂದಲೇ. ಇಷ್ಟು ಹೇಳಿದರೆ ಸಾಕು ಅಂದುಕೊಳ್ಳುತ್ತೇನೆ.

2008ರಲ್ಲಿ ಶುರುವಾದ ಯೋಜನೆ ಇದು. ಮೊದಲ ಏಳೆಂಟು ವರ್ಷ ಕುಂಟಿತು, ಆಮೇಲೆ ವೇಗ ಬಂತು. 2023ರ ನವೆಂಬರ್‌ಗೆ ದೇಶದಲ್ಲಿ 10,000 ಕೇಂದ್ರಗಳಾದವು. ಸರಬರಾಜು ಮಾಡುವ ಕಂಪನಿಗಳು ಒಳ್ಳೆಯ ತಯಾರಿಕೆಗೆ ಕೊಡುವ ಡಬ್ಲ್ಯುಎಚ್‌ಒ-ಜಿಎಂಪಿ ಪ್ರಮಾಣಪತ್ರ ಹೊಂದಿರಬೇಕು, ಪ್ರತಿ ಬ್ಯಾಚನ್ನು ಲ್ಯಾಬ್‌ಗಳನ್ನು ಪರಿಶೀಲಿಸುವ ಎನ್‌ಎಬಿಎಲ್ ಸಂಸ್ಥೆಯ ಮಾನ್ಯತೆ ಇರುವ ಲ್ಯಾಬಿನಲ್ಲಿ ಪರೀಕ್ಷಿಸಬೇಕು ಅನ್ನುವ ನಿಯಮವಿದೆ. ಅಲ್ಲಿಯೂ ಆಗೊಮ್ಮೆ ಈಗೊಮ್ಮೆ ಬ್ಯಾಚ್ ಫೇಲಾಗುತ್ತದೆ, ವಾಪಸ್ ಪಡೆಯುತ್ತಾರೆ. ನನ್ನ ದೂರು ಬೇರೆ. ಈ ತಿಂಗಳು ಸಿಕ್ಕಿದ ಮಾತ್ರೆ ಮುಂದಿನ ತಿಂಗಳು ‘ಸ್ಟಾಕ್ ಇಲ್ಲ’. ಅಮ್ಮನಿಗೆ ಎರಡು ಸಲ ಹೀಗಾಯಿತು. ಅದಕ್ಕೇ ಮಾತ್ರೆ ಹದಿನೈದು ದಿನಕ್ಕೆ ಉಳಿದಿರುವಾಗಲೇ ಹೋಗಿ ತರುವುದು ಒಳ್ಳೆಯದು. ‘ಜನೌಷಧಿ ಸುಗಮ್’ ಅನ್ನುವ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರ, ಬೆಲೆ ಎರಡೂ ಸಿಗುತ್ತವೆ.

ಯಾವ ಔಷಧಿಗಳನ್ನು ಸುಮ್ಮನೆ ಬದಲಿಸಬಾರದು?

ಕೆಲವು ಔಷಧಿಗಳ ಪ್ರಮಾಣ ಚೂರು ಹೆಚ್ಚಾದರೂ ವಿಷ, ಚೂರು ಕಡಿಮೆಯಾದರೂ ಕೆಲಸ ಇಲ್ಲ. ಮೂರ್ಛೆರೋಗದ ಫೆನಿಟೋಯಿನ್, ಕಾರ್ಬಮಜೆಪಿನ್. ರಕ್ತ ತೆಳುವಾಗಿಸುವ ವಾರ್ಫರಿನ್. ಹೃದಯದ ಡಿಗಾಕ್ಸಿನ್. ಮನೋರೋಗದ ಲಿಥಿಯಂ. ಕಿಡ್ನಿ ಕಸಿ ಆದವರ ಟ್ಯಾಕ್ರೋಲಿಮಸ್, ಸೈಕ್ಲೋಸ್ಪೊರಿನ್. ಥೈರಾಯ್ಡ್‌ನ ಥೈರಾಕ್ಸಿನ್ ಕೂಡ ಈ ಸಾಲಿಗೇ ಸೇರುತ್ತದೆ.

ಇವುಗಳಲ್ಲಿ ಜೆನೆರಿಕ್ ಬೇಡ ಅಂತಲ್ಲ. ಒಂದನ್ನು ಹಿಡಿದರೆ ಅದನ್ನೇ ಮುಂದುವರಿಸಿ. ತಿಂಗಳಿಗೊಂದು ಕಂಪನಿ ಮಾಡಬೇಡಿ. ಬದಲಿಸಲೇಬೇಕಾದರೆ ಡಾಕ್ಟರಿಗೆ ಹೇಳಿ, ರಕ್ತ ಪರೀಕ್ಷೆ ಮಾಡಿಸಿಕೊಂಡು ಬದಲಿಸಿ. ಥೈರಾಯ್ಡ್ ಆದರೆ ಆರೆಂಟು ವಾರದ ನಂತರ ಟಿಎಸ್‌ಎಚ್ ಎಂಬ ರಕ್ತ ಪರೀಕ್ಷೆ ಮಾಡಿಸಿ.

ಹೆಸರಿನ ಕೊನೆಯ ಎಸ್ಆರ್, ಎಕ್ಸ್ಆರ್, ಎಎಂ, ಎಚ್ ಅಂದರೆ?

ಇಲ್ಲಿ ಎಡವಿದವರು ಬಹಳ. ಎಸ್ಆರ್, ಇಆರ್, ಎಕ್ಸ್ಆರ್ ಅಂದರೆ ಔಷಧಿ ನಿಧಾನವಾಗಿ ಬಿಡುಗಡೆಯಾಗುತ್ತದೆ. ಮೆಟ್‌ಫಾರ್ಮಿನ್ 500 ಬೇರೆ, ಮೆಟ್‌ಫಾರ್ಮಿನ್ 500 ಎಸ್ಆರ್ ಬೇರೆ. ಇವನ್ನು ಪುಡಿ ಮಾಡಿ, ಜಗಿದು ತಿನ್ನಬಾರದು. ಎಎಂ ಅಂದರೆ ಬಹುತೇಕ ಆಮ್ಲೋಡಿಪಿನ್ ಸೇರಿದೆ, ಎಚ್ ಅಂದರೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಜೈಡ್. ಟೆಲ್ಮಿಸಾರ್ಟನ್ 40 ತಿನ್ನುವವರಿಗೆ ಟೆಲ್ಮಿಸಾರ್ಟನ್-ಎಚ್ ಕೊಟ್ಟರೆ ಅದು ಬದಲಿ ಅಲ್ಲ, ತಪ್ಪು ಔಷಧಿ.

ಹಳೇ ಬ್ರಾಂಡ್ ಮನೆಯಲ್ಲಿ ಉಳಿದಿದೆ, ಹೊಸ ಜೆನೆರಿಕ್ ತಂದಿದ್ದೇನೆ. ಎರಡೂ ಇರಲಿ ಬಿಡಿ?

ಬೇಡ! ನಾನು ಕಂಡ ಅತಿ ದೊಡ್ಡ ಅಪಾಯ ಇದೇ. ನಮ್ಮ ಬೀದಿಯ ಅಜ್ಜಿಯೊಬ್ಬರಿಗೆ ಮಗ ಜೆನೆರಿಕ್ ಸಕ್ಕರೆ ಮಾತ್ರೆ ತಂದುಕೊಟ್ಟ. ಅಜ್ಜಿ ಅದನ್ನು ಹೊಸ ಔಷಧಿ ಅಂದುಕೊಂಡು ಹಳೇ ಗ್ಲಿಮೆಪಿರೈಡ್ ಜೊತೆಗೆ ಇದನ್ನೂ ನುಂಗಿದರು. ಎರಡೂ ಒಂದೇ. ಮೂರನೇ ದಿನ ಬೆವತು, ತಲೆಸುತ್ತಿ ಬಿದ್ದರು. ಸಕ್ಕರೆ ಪೂರ್ತಿ ಕೆಳಗಿಳಿದಿತ್ತು. ಪುಣ್ಯಕ್ಕೆ ಸೊಸೆ ಮನೆಯಲ್ಲಿದ್ದಳು, ಬಾಯಿಗೆ ಸಕ್ಕರೆ ನೀರು ಹಾಕಿದಳು.

ಅವತ್ತಿನಿಂದ ನಾನು ಕಂಪನಿ ಬದಲಾದಾಗಲೆಲ್ಲ ಕವರಿನ ಮೇಲೆ ಪೆನ್ನಿನಲ್ಲಿ ‘ಹಳೇದರ ಬದಲಿಗೆ’ ಅಂತ ಬರೆದೇ ಕೊಡುತ್ತೇನೆ. ನಿಮ್ಮ ಅಂಗಡಿಯವರಿಗೂ ಬರೆದುಕೊಡಿ ಅನ್ನಿ.

ಡಾಕ್ಟರ್ ಯಾಕೆ ಕಂಟೆಂಟ್ ಹೆಸರು ಬರೆಯುವುದಿಲ್ಲ?

ಬರೆಯಬೇಕು ಅನ್ನುವ ನಿಯಮ 2002ರಿಂದಲೂ ಇದೆ, ಮೊದಲು ಅದರಲ್ಲಿ ‘ಆದಷ್ಟು ಮಟ್ಟಿಗೆ’ ಅನ್ನುವ ಮಾತಿತ್ತು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ಬಿಗಿ ಮಾಡಿ, ಬರೆಯದಿದ್ದರೆ ಶಿಕ್ಷೆ ಅಂದಿತು. ವೈದ್ಯರ ಸಂಘಗಳು ಎದ್ದು ನಿಂತವು. ಅದೇ ತಿಂಗಳು ನಿಯಮವನ್ನು ತಡೆಹಿಡಿದರು.

ಕೆಲವರಿಗೆ ಕಂಪನಿಗಳ ಜೊತೆ ಒಳ್ಳೆಯ ನಂಟಿರುತ್ತದೆ, ಅದು ನಿಮಗೂ ಗೊತ್ತು. 2024ರಲ್ಲಿ ಉಡುಗೊರೆ, ಪ್ರವಾಸಗಳ ವಿರುದ್ಧ ಹೊಸ ಸಂಹಿತೆ ಬಂದಿದ್ದೂ ಅದಕ್ಕೇ. ಆದರೆ ಪ್ರಾಮಾಣಿಕ ಡಾಕ್ಟರ ಒಂದು ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ‘ನಾನು ಬರೀ ಕಂಟೆಂಟ್ ಬರೆದರೆ ಕಂಪನಿ ಆರಿಸುವುದು ನೀನು. ನೀನು ನಿನಗೆ ಜಾಸ್ತಿ ಲಾಭ ಇರುವುದನ್ನೇ ಕೊಡುವುದಿಲ್ಲ ಅಂತ ಏನು ಗ್ಯಾರಂಟಿ?’ ಅಂತಾರೆ. ಮೇಲೆ ಟ್ರೇಡ್ ಜೆನೆರಿಕ್ ಕಥೆ ಓದಿದಿರಲ್ಲ.

ಅಂಗಡಿಯವರು ತಾವೇ ಬೇರೆ ಬ್ರಾಂಡ್ ಕೊಡಬಹುದಾ?

ಕಾನೂನಿನ ಪ್ರಕಾರ ಇಲ್ಲ. ಶೆಡ್ಯೂಲ್ ಎಚ್, ಅಂದರೆ ಡಾಕ್ಟರ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಔಷಧಿಗಳಲ್ಲಿ ಚೀಟಿಯಲ್ಲಿ ಬರೆದ ಬ್ರಾಂಡಿಗೆ ಬದಲಿ ಕೊಡುವಂತಿಲ್ಲ. ಆದರೆ ನಡೆಯುವುದು ಎಲ್ಲರಿಗೂ ಗೊತ್ತು. ಸುಲಭ ದಾರಿ ಎಂದರೆ ಡಾಕ್ಟರ ಮುಂದೆಯೇ ‘ಸರ್, ಕಂಟೆಂಟ್ ಹೆಸರೂ ಬರೆದುಕೊಡಿ’ ಅಂತ ಕೇಳುವುದು. ಬಹಳಷ್ಟು ಡಾಕ್ಟರು ಬೇಡ ಅನ್ನುವುದಿಲ್ಲ.

ಇನ್ಸುಲಿನ್‌ಗೂ ಜೆನೆರಿಕ್ ಇದೆಯಾ?

ಅದಕ್ಕೆ ಬಯೋಸಿಮಿಲರ್ ಅನ್ನುತ್ತಾರೆ. ಇನ್ಸುಲಿನ್ ಜೀವಕೋಶಗಳೊಳಗೆ ಬೆಳೆಸುವ ದೊಡ್ಡ ಅಣು. ಅಚ್ಚು ಹಾಕಿದಂತೆ ನಕಲು ಮಾಡಲು ಬರುವುದಿಲ್ಲ, ಬಹಳ ಹತ್ತಿರದ್ದನ್ನು ಮಾಡಬಹುದು. ಅದಕ್ಕೇ ಪರೀಕ್ಷೆಗಳೂ ಜಾಸ್ತಿ. ಇದರಲ್ಲಿ ಬೆಂಗಳೂರಿನ ಬಯೋಕಾನ್‌ಗೆ ದೊಡ್ಡ ಹೆಸರು. ಸ್ತನ ಕ್ಯಾನ್ಸರ್‌ನ ಟ್ರಾಸ್ಟುಜುಮಾಬ್‌ಗೆ ಮೈಲಾನ್ ಜೊತೆ ಸೇರಿ 2017ರಲ್ಲಿ ಅಮೆರಿಕದ ಅನುಮತಿ ಪಡೆಯಿತು. ಇನ್ಸುಲಿನ್ ಬ್ರಾಂಡನ್ನು ಮಾತ್ರ ಕೌಂಟರ್‌ನಲ್ಲಿ ಬದಲಿಸಿಕೊಳ್ಳಬೇಡಿ. ಪೆನ್, ಕಾರ್ಟ್ರಿಡ್ಜ್ ಕೂಡ ಒಂದಕ್ಕೊಂದು ಕೂರುವುದಿಲ್ಲ.

ಅಪ್ಪ ಅಮ್ಮ ಮಗಳ ಮನೆಗೆ ಅಮೆರಿಕಕ್ಕೆ ಹೊರಟಿದ್ದಾರೆ. ಔಷಧಿ?

ಬ್ರಾಂಡ್ ಹೆಸರು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಚೀಟಿಯಲ್ಲಿ ಕಂಟೆಂಟ್ ಹೆಸರು, ಮಿಲಿಗ್ರಾಂ ಬರೆಸಿಕೊಳ್ಳಿ. ಕೆಲವು ಕಂಟೆಂಟ್ ಹೆಸರೂ ಅಲ್ಲಿ ಬೇರೆ. ನಮ್ಮ ಪ್ಯಾರಾಸಿಟಮಾಲ್ ಅಲ್ಲಿ ಅಸೆಟಮಿನೋಫೆನ್, ಸಾಲ್ಬುಟಮಾಲ್ ಅಲ್ಲಿ ಆಲ್ಬ್ಯುಟೆರಾಲ್, ಗ್ಲಿಬೆನ್‌ಕ್ಲಮೈಡ್ ಅಲ್ಲಿ ಗ್ಲೈಬುರೈಡ್. ಒಂದೇ ಬ್ರಾಂಡ್ ಹೆಸರಲ್ಲಿ ಬೇರೆ ದೇಶದಲ್ಲಿ ಬೇರೆಯೇ ಔಷಧಿ ಸಿಗುವುದೂ ಉಂಟು. ಅಮೆರಿಕದಲ್ಲಿ ಫ್ಲೋಮ್ಯಾಕ್ಸ್ ಅಂದರೆ ಪ್ರಾಸ್ಟೇಟ್ ಔಷಧಿ, ಇಟಲಿಯಲ್ಲಿ ಅದೇ ಹೆಸರಿನದು ಉರಿಯೂತದ ಔಷಧಿ.

ಹತ್ತು ಮಾತ್ರೆ ಬೇಡ, ನಾಲ್ಕು ಸಾಕು. ಕತ್ತರಿಸಿ ಕೊಡುತ್ತೀರಾ?

ಕೊಡುತ್ತೇನೆ. ಆದರೆ ಎಕ್ಸ್‌ಪೈರಿ, ಬ್ಯಾಚ್ ನಂಬರ್ ಸ್ಟ್ರಿಪ್‌ನ ಒಂದೇ ತುದಿಯಲ್ಲಿರುತ್ತದೆ. ಅದು ಯಾರ ಕಡೆ ಹೋಗಬೇಕು ಅನ್ನುವುದಕ್ಕೆ ನನಗೂ ಗಿರಾಕಿಗೂ ದಿನಾ ಜಗ್ಗಾಟ. ನಿಮ್ಮ ತುಂಡಿನಲ್ಲಿ ಹೆಸರು ಇಲ್ಲದಿದ್ದರೆ ಮೊಬೈಲ್‌ನಲ್ಲಿ ಇಡೀ ಸ್ಟ್ರಿಪ್‌ನ ಹಿಂಭಾಗದ ಫೋಟೋ ತೆಗೆದುಕೊಳ್ಳಿ, ಆಮೇಲೆ ನಾನು ಕತ್ತರಿ ಹಾಕುತ್ತೇನೆ.